ಏಳನೇ ಮಗ್ಗದ ಸದ್ದು

ಮೇಸ್ತ್ರಿಯವರ ಮುಂದಿನ ಎರಡು ಹಲ್ಲುಗಳ ಅಂಚು ಸವೆದು, ನಡುವೆ ಅಕ್ಕಿಕಾಳು ತೂರುವಷ್ಟು ಸಂದಾಗಿತ್ತು. ಮೊಳದುದ್ದದ ಸ್ಕ್ರೂಡ್ರೈವರ್ ಒಂದರ ಮರದ ಹಿಡಿಯನ್ನು ಆ ಹಲ್ಲುಗಳಲ್ಲಿ ಕಚ್ಚಿಕೊಂಡು, ಅದರ ತುದಿಯನ್ನು ಓಡುತ್ತಿರುವ ಮಗ್ಗದ ಕಬ್ಬಿಣಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಿವಿ ಅವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಮೀಸೆ ಬರುವ ಮೊದಲಿಂದ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲೇ ಬದುಕಿದವರ ಕಿವಿ ಇನ್ನು ಹೇಗಿರುತ್ತದೆ? ಪಕ್ಕದಲ್ಲಿ ನಿಂತು ಕೂಗಿದರೂ "ಆಂ?" ಅನ್ನುತ್ತಿದ್ದರು. ಆದರೆ ಮಗ್ಗದ ಒಳಗಿನ ಸದ್ದು ಹಲ್ಲಿನಿಂದ ಅವರ ತಲೆಗೆ ಹೋಗುತ್ತಿತ್ತು. ಅರ್ಧ ನಿಮಿಷ ಹಾಗೆ ನಿಂತು, ಹಿಡಿಯನ್ನು ಬಾಯಿಂದ ತೆಗೆದು ಲುಂಗಿಗೆ ಒರೆಸಿಕೊಂಡು, "ಒಳಗಡೆ ಬೇರಿಂಗ್ ಹೋಗಿದೆ, ಇನ್ನೆರಡು ದಿನ ಬರ್ಬೋದು" ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಬೇರಿಂಗೇ ಹೋಗಿರುತ್ತಿತ್ತು.

ಅವರ ಬಗ್ಗೆ ಒಳ್ಳೆಯ ಮಾತಾಡುವವರು ಈಗ ಊರಲ್ಲಿ ಬಹಳ ಜನ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬದುಕಿದ್ದಾಗ ಶೆಡ್ಡಿನ ಬಾಗಿಲಿಗೆ ಸೇರಿಸದವರೆಲ್ಲ ಈಗ "ಅಂಥ ಕೈ ಇನ್ನೊಂದಿಲ್ಲ" ಅನ್ನುತ್ತಾರೆ. ಎಲ್ಲರಿಗಿಂತ ಹೆಚ್ಚು ಸಿಟ್ಟು ನನಗೆ ಯಾರ ಮೇಲೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಚಿಕ್ಕಪ್ಪನದು ಹನ್ನೆರಡು ಪವರ್‌ಲೂಮಿನ ಶೆಡ್ಡು. ನಾನು ಡಿಪ್ಲೊಮಾ ಮುಗಿಸಿ ಅಲ್ಲೇ ಉಸ್ತುವಾರಿಗೆ ನಿಂತೆ. ಮೇಸ್ತ್ರಿ ನಮ್ಮ ಶೆಡ್ಡಿನ ಜೊತೆಗೆ ಸುತ್ತಮುತ್ತಲಿನ ಏಳೆಂಟು ಶೆಡ್ಡುಗಳ ಮಗ್ಗ ರಿಪೇರಿ ನೋಡುತ್ತಿದ್ದರು. ಹಳೆಯ ಮೊಪೆಡ್ಡು, ಅದರ ಮುಂದೆ ಗೋಣಿಚೀಲದಲ್ಲಿ ಸಾಮಾನು. ಬಂದವರೇ ಯಾರಿಗೂ ನಮಸ್ಕಾರ ಹೇಳದೆ ಮೊದಲು ಮಗ್ಗಗಳ ಮೈ ಮುಟ್ಟಿಕೊಂಡು ಒಂದು ಸುತ್ತು ಬರುತ್ತಿದ್ದರು. ಆಮೇಲೆ ನಮ್ಮ ಕಡೆ ತಿರುಗಿ ಟೀ ಕೇಳುತ್ತಿದ್ದರು. ಟೀಗೆ ಸಕ್ಕರೆ ಕಡಿಮೆಯಾದರೆ ಇಡೀ ಶೆಡ್ಡಿಗೆ ಕೇಳುವಂತೆ ಬೈಯುತ್ತಿದ್ದರು. ತಾವು ಎಷ್ಟು ಜೋರಾಗಿ ಮಾತಾಡುತ್ತೇವೆ ಎಂಬುದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಗುಡಿಯಲ್ಲಿ ನಿಂತು ದೇವರ ಹತ್ತಿರ ಗುಟ್ಟಾಗಿ ಬೇಡಿಕೊಂಡದ್ದು ಬೀದಿಗೆಲ್ಲ ಕೇಳಿಸಿತೆಂದು ಅವರ ಹೆಂಡತಿಯೇ ನಗುತ್ತಿದ್ದರು.

ಒಂದು ಮಗ್ಗ ಓಡಬಾರದು ಅನ್ನಿಸಿದರೆ ಅವರು ಯಾರ ಹತ್ತಿರವೂ ವಾದ ಮಾಡುತ್ತಿರಲಿಲ್ಲ. ಮೋಟಾರಿನ ಬೆಲ್ಟು ಕಳಚಿ, ಟವೆಲಿನಂತೆ ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದರು. ಬೆಲ್ಟು ಅವರ ಹೆಗಲ ಮೇಲಿರುವ ತನಕ ಆ ಮಗ್ಗ ಸತ್ತಂತೆ. ಒಮ್ಮೆ ಹಬ್ಬದ ಸೀರೆಗಳ ಆರ್ಡರ್ ಇದ್ದಾಗ ಹಾಗೆ ಮಾಡಿದರು. ಚಿಕ್ಕಪ್ಪ ಕೆಂಡವಾದ. "ರೀ ಮೇಸ್ತ್ರಿ, ಮಗ್ಗ ನಂದು ಕಣ್ರೀ" ಅಂದ.

"ಮಗ್ಗ ನಿಮ್ದೇ ಯಜಮಾನ್ರೇ. ಅದ್ರ ಮುಂದೆ ನಿಂತಿರೋ ಹೆಣ್ಮಗಳು ನಿಮ್ಮೋಳಲ್ಲ" ಅಂದರು ಮೇಸ್ತ್ರಿ. ಬೆಲ್ಟಿನೊಂದಿಗೇ ಊಟಕ್ಕೆ ಮನೆಗೆ ಹೋಗಿಬಿಟ್ಟರು.

ಇನ್ನು ನನ್ನ ವಿಷಯ. ದಿನವಿಡೀ ಹನ್ನೆರಡು ಮಗ್ಗಗಳ ಗಲಾಟೆಯಲ್ಲಿ ನಿಂತವನಿಗೆ ಸಂಜೆ ಹಾಡು ಕೇಳಲೂ ಆಗುತ್ತಿರಲಿಲ್ಲ. ಹಾಗಿರುವಾಗ ಬೆಂಗಳೂರಿನ ಕಾಲೇಜು ಗೆಳೆಯನೊಬ್ಬ ಒಂದು ಬಗೆಯ ಎಲೆಕ್ಟ್ರಾನಿಕ್ ಸಂಗೀತ ಕೇಳಿಸಿದ. ಅದರಲ್ಲಿ ಮಾತಿಲ್ಲ, ಹಾಡುವವರಿಲ್ಲ. ಒಂದೇ ಸ್ವರ ನಿಮಿಷಗಟ್ಟಲೆ ನಿಂತು, ನಿಧಾನಕ್ಕೆ ಬಣ್ಣ ಬದಲಾಯಿಸಿ, ಇನ್ನೊಂದರೊಳಗೆ ಕರಗುತ್ತದೆ. ಹೆಡ್‌ಫೋನ್ ಹಾಕಿ ಮಲಗಿದರೆ ಗೋಡೆ ದೂರ ಸರಿದಂತೆ, ಮೈ ಹಗುರಾದಂತೆ ಆಗುತ್ತದೆ. ನನಗೆ ಅದು ಔಷಧಿಯಾಯಿತು. ಅಂಥ ಸಂಗೀತ ಮಾಡುವವನೊಬ್ಬ ಗೆಳೆಯನ ಪರಿಚಯದವನು. ಮಗ್ಗದ ಸದ್ದಿಟ್ಟುಕೊಂಡು ಒಂದು ಆಲ್ಬಂ ಮಾಡಬೇಕೆಂದಿದ್ದಾನೆ ಅಂದಾಗ ನಾನು ಕುಣಿದಾಡಿದೆ. ನಾನೇ ಚಿಕ್ಕಪ್ಪನನ್ನು ಒಪ್ಪಿಸಿ ಅವನನ್ನು ಶೆಡ್ಡಿಗೆ ಕರೆದುಕೊಂಡು ಬಂದೆ.

ಮೂರು ದಿನ ಅವನು ಮೈಕುಗಳನ್ನಿಟ್ಟು ರೆಕಾರ್ಡ್ ಮಾಡಿದ. ಮೂರನೆಯ ದಿನ ಬೆಳಿಗ್ಗೆ ಏಳನೇ ಮಗ್ಗದ ಮುಂದೆ ನಿಂತುಬಿಟ್ಟ. ಆ ಮಗ್ಗದಲ್ಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಬಂದು ಪೆಟ್ಟಿಗೆಗೆ ಬಡಿಯುವಾಗ ಒಂದು ಏಟಿನ ಹಿಂದೆಯೇ ಇನ್ನೊಂದು ಸಣ್ಣ ಏಟು ಕೇಳುತ್ತಿತ್ತು. "ಗುರು, ಈ ಸೌಂಡೇ ಬೇರೆ ಲೆವೆಲ್. ಹಾರ್ಟ್‌ಬೀಟ್ ಇದ್ದಂಗಿದೆ" ಅಂದ.

ಅದೇ ಹೊತ್ತಿಗೆ ಮೇಸ್ತ್ರಿ ಬಂದರು. ಏಳನೇ ಮಗ್ಗಕ್ಕೆ ಸ್ಕ್ರೂಡ್ರೈವರ್ ಒತ್ತಿ ಹಲ್ಲಲ್ಲಿ ಕಚ್ಚಿದರು. ಮುಖ ಗಂಟಾಯಿತು. ಮಗ್ಗ ನಿಲ್ಲಿಸಿ ಬೆಲ್ಟು ಕಳಚಿ ಹೆಗಲಿಗೆ ಹಾಕಿಕೊಂಡರು. ಆ ಮಗ್ಗ ನಡೆಸುತ್ತಿದ್ದ ಅಕ್ಕ, ಮಗ್ಗ ನಿಂತೊಡನೆ, ಬೆಲ್ಟು ಕಳಚುವುದನ್ನು ನೋಡದೆಯೇ ನೀರು ಕುಡಿಯಲು ಹೊರಗೆ ಹೋಗಿದ್ದರು. ಸಂಗೀತದವನು ನನ್ನ ಮುಖ ನೋಡಿದ. "ಅರ್ಧ ಗಂಟೆ ಸಾಕು ಗುರು, ಪ್ಲೀಸ್. ಇದೇ ನನ್ನ ಆಲ್ಬಮ್ಮು" ಅಂದ. ಚಿಕ್ಕಪ್ಪ ಬಾಗಿಲಲ್ಲಿ ನಿಂತವನು, "ಓಡ್ಸಪ್ಪ, ಅರ್ಧ ಗಂಟೇಲಿ ಏನಾಗತ್ತೆ" ಅಂದ.

ಆ ಬೆಲ್ಟನ್ನು ಮೇಸ್ತ್ರಿಯ ಹೆಗಲ ಮೇಲಿಂದ ತೆಗೆದವನು ನಾನು. ಬೇರೆ ಯಾರ ಕೈಗೂ ಅವರು ಕೊಡುತ್ತಿರಲಿಲ್ಲ. ನಾನು ನಗುನಗುತ್ತಾ ಕೈ ಹಾಕಿ ಎಳೆದುಕೊಂಡೆ, ಅವರು ಬಿಟ್ಟರು.

"ಅರ್ಧ ಗಂಟೆ ಕಣಪ್ಪ. ಆಮೇಲೆ ನೀನೇ ಬಿಚ್ಬೇಕು. ನಾನು ಆ ಕಡೆ ಶೆಡ್ಡಿಗೆ ಹೋಗ್ಬೇಕು" ಅಂದರು.

"ಬಿಚ್ತೀನಿ, ನೀವು ಹೋಗಿ" ಅಂದೆ. ಅವರು ಹೊರಟ ಮೇಲೆ ಬೆಲ್ಟನ್ನು ಮತ್ತೆ ಮಗ್ಗಕ್ಕೆ ಹಾಕಿದೆ.

ನೀರು ಕುಡಿದು ಬಂದ ಅಕ್ಕ, ಮಗ್ಗ ತಯಾರಾಗಿದ್ದು ನೋಡಿ ಮತ್ತೆ ನಡೆಸತೊಡಗಿದರು. ಅರ್ಧ ಗಂಟೆ ಒಂದೂವರೆ ಗಂಟೆಯಾಯಿತು. ರೆಕಾರ್ಡಿಂಗ್ ಮುಗಿದಾಗ ನಾನು ಅವನ ಮೈಕು, ಸ್ಟ್ಯಾಂಡು ಎಲ್ಲ ಹೊತ್ತುಕೊಂಡು ಕಾರಿನ ತನಕ ಹೋದೆ. ಫೋಟೊ ತೆಗೆಸಿಕೊಂಡೆವು. ಆಲ್ಬಮ್ಮಿನಲ್ಲಿ ನನ್ನ ಹೆಸರು ಹಾಕುತ್ತೇನೆ ಅಂದ. ನಾನು ಸಂಕೋಚ ನಟಿಸಿದೆ. ಬೆಲ್ಟು ಬಿಚ್ಚುವುದನ್ನು ಮರೆತೆ. ಕಾರು ಹೋದ ಮೇಲೆ ತಿರುಗಿ ಬಂದರೆ, ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದರು. ಮಗ್ಗದಿಂದ ಹಾರಿದ ಲಾಳಿ ಗೋಡೆಯ ಹತ್ತಿರ ಬಿದ್ದಿತ್ತು. ಎಡಗಣ್ಣು ಉಳಿಯಲಿಲ್ಲ.

ಆಸ್ಪತ್ರೆಯಲ್ಲೇ ಚಿಕ್ಕಪ್ಪ ಕಥೆ ಕಟ್ಟಿದ. ಹಿಂದಿನ ವಾರ ಮೇಸ್ತ್ರಿ ಏಳನೇ ಮಗ್ಗದ ಲಾಳಿ ಪೆಟ್ಟಿಗೆ ರಿಪೇರಿ ಮಾಡಿದ್ದರು, ಬೋಲ್ಟು ಬಿಗಿ ಮಾಡದೆ ಬಿಟ್ಟಿದ್ದಾರೆ, ವಯಸ್ಸಾಯಿತು, ಕಿವಿ ಬೇರೆ ಕೇಳಲ್ಲ ಅಂತ. ಸುದ್ದಿ ಕೇಳಿ ಓಡಿಬಂದ ಮೇಸ್ತ್ರಿ, "ನಾನು ಬೆಲ್ಟು ತೆಗ್ದಿದ್ದೆ" ಅಂದರು. ಅಂದು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಚಿಕ್ಕಪ್ಪನ ಅನ್ನ ತಿನ್ನುತ್ತಿದ್ದೆ ಅಂತ ಈಗ ಸಬೂಬು ಹೇಳಬಹುದು. ನಿಜ ಹೇಳಬೇಕೆಂದರೆ ಹೇಡಿತನ, ಅಷ್ಟೆ.

ಒಂದೊಂದೇ ಶೆಡ್ಡಿನವರು ಅವರನ್ನು ಕರೆಯುವುದು ಬಿಟ್ಟರು. ಕೊನೆಗೆ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರಿದರು. ಕಬ್ಬಿಣದ ಒಳಗಿನ ನೋವನ್ನು ಹಲ್ಲಲ್ಲಿ ಕೇಳುವ ಮನುಷ್ಯ ಲಾರಿಗಳಿಗೆ ಗೇಟು ತೆಗೆಯುತ್ತ ನಿಂತರು. ಕಿವಿ ಕೇಳದೆ ಗೇಟು ತೆಗೆಯುವುದು ತಡವಾದರೆ ನಿನ್ನೆ ಮೊನ್ನೆ ಹುಟ್ಟಿದ ಡ್ರೈವರುಗಳು ಏಕವಚನದಲ್ಲಿ ಬೈಯುತ್ತಿದ್ದರು.

ಮುಂದಿನ ವರ್ಷ ಆಲ್ಬಂ ಬಂತು. ಬೆಂಗಳೂರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಸೇರಿ ಕೇಳುವ ಕಾರ್ಯಕ್ರಮ. ನಾನೂ ಹೋದೆ, ನಾಚಿಕೆಗೆಟ್ಟವನು. ಕಿಟಕಿಗೆ ಪರದೆ ಎಳೆದು, ನೆಲಕ್ಕೆ ಮೆತ್ತೆ ಹಾಸಿ, ನಲವತ್ತು ಜನ ಕಣ್ಣು ಮುಚ್ಚಿ ಅಂಗಾತ ಮಲಗಿದ್ದೆವು. ಮೊದಲು ಒಂದು ಉದ್ದ ಸ್ವರ, ಅದರ ಕೆಳಗೆ ನಮ್ಮ ಹನ್ನೆರಡು ಮಗ್ಗಗಳು ನಿಧಾನವಾಗಿ, ಯಾವುದೋ ಆಳದಲ್ಲಿ ಉಸಿರಾಡುತ್ತಿರುವಂತೆ. ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಮೂರನೆಯ ತುಣುಕು ಶುರುವಾದಾಗ ಏಳನೇ ಮಗ್ಗ ಬಂತು. ಆ ಜೋಡಿ ಏಟು ಕೋಣೆಯ ನಾಲ್ಕೂ ಮೂಲೆಯಲ್ಲಿ ಸುತ್ತಿತು. ಪಕ್ಕದ ಹುಡುಗಿ ಅಳುತ್ತಿದ್ದಳು. ಆಮೇಲೆ ಟೀ ಕುಡಿಯುವಾಗ, "ಯಾರೋ ನನ್ನನ್ನ ತಾಯಿ ಗರ್ಭಕ್ಕೆ ವಾಪಸ್ ಕರ್ಕೊಂಡು ಹೋದಂಗಾಯ್ತು" ಅಂದಳು. ಸಂಗೀತದವನು ಕೈ ಮುಗಿದ. ಅಕ್ಕನ ಕಣ್ಣಿನ ವಿಷಯ ನಾನು ಅವನಿಗೆ ಆಗಲೇ ತಿಳಿಸಿದ್ದೆ. "ತುಂಬಾ ಬೇಜಾರಾಯ್ತು" ಎಂಬ ಮೆಸೇಜಿನ ಕೆಳಗೆ ಎರಡು ಕೈ ಮುಗಿದ ಚಿತ್ರ ಕಳಿಸಿದ್ದ. ಏಳನೇ ಮಗ್ಗದ ಆ ತುಣುಕಿಗೆ ಅವನಿಟ್ಟ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಆ ಅಕ್ಕನ ಹೆಸರಿರಲಿಲ್ಲ.

ಮಾರನೆಯ ದಿನವೇ ಒಂದು ಸ್ಪೀಕರ್ ತೆಗೆದುಕೊಂಡು ಮೇಸ್ತ್ರಿಯ ಮನೆಗೆ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಬಾ, ಕೂತ್ಕೊ" ಅಂದರು. ಆಮೇಲೆ ತಾವೇ ಶುರು ಮಾಡಿದರು: "ನಂಗೂ ಒಂದೊಂದ್ಸಲ ಅನ್ಸತ್ತೆ ಕಣಪ್ಪ. ಆ ಬೋಲ್ಟು ನಾನೇ ಸರಿಯಾಗಿ ಬಿಗೀಲಿಲ್ವೇನೋ ಅಂತ." ಒಂದು ವರ್ಷ ಸುಳ್ಳನ್ನು ಕೇಳಿ ಕೇಳಿ ಅವರೇ ಅದನ್ನು ಅರ್ಧ ನಂಬಿಬಿಟ್ಟಿದ್ದರು. ಇದಕ್ಕಿಂತ ದೊಡ್ಡ ಪಾಪ ನಾವು ಅವರಿಗೆ ಮಾಡಿರಲಿಲ್ಲ.

ಆಲ್ಬಂ ಕೇಳಿಸಲು ಮೊದಲು ನನ್ನ ಹೆಡ್‌ಫೋನ್ ಹಾಕಿದೆ, ಅವರಿಗೇನೂ ಕೇಳಲಿಲ್ಲ; ಸ್ಪೀಕರಿಗೆ ಹಾಕಿದೆ. ಎದ್ದು ಹೋಗಿ ಗೋಣಿಚೀಲದಿಂದ ಸ್ಕ್ರೂಡ್ರೈವರ್ ತಂದರು. ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಸ್ಪೀಕರಿನ ಮೈಗೆ ಒತ್ತಿ, ಕಣ್ಣು ಮುಚ್ಚಿದರು. ಮುಕ್ಕಾಲು ಗಂಟೆಯ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಹಾಗೇ ಕೂತು ಕೇಳಿದರು. ನಡುವೆ ಒಮ್ಮೆ ಬಾಯಿ ಬಿಡಿಸಿಕೊಂಡು, "ಎಲ್ಲಾ ಮಗ್ಗಾನೂ ನೀರಲ್ಲಿ ಮುಳುಗ್ಸಿದ್ದಾನಲ್ಲಪ್ಪ ಇವ್ನು" ಅಂದರು. ಇನ್ನೊಮ್ಮೆ, "ಕರೆಂಟ್ ಹೋದಾಗ ಮಗ್ಗ ಎಲ್ಲಾ ಒಟ್ಗೆ ನಿಧಾನ ಆಗ್ತವಲ್ಲ, ಹಂಗೇ ಐತೆ. ಚೆನ್ನಾಗ್ ಮಾಡವ್ನೆ" ಅಂದರು. ಅವರು ಅವನನ್ನು ಹೊಗಳಿದ್ದು ಕೇಳಿ ನನಗೆ ಸ್ಪೀಕರ್ ಎತ್ತಿ ಗೋಡೆಗೆ ಬಡಿಯಬೇಕೆನ್ನಿಸಿತು.

ಏಳನೇ ಮಗ್ಗದ ತುಣುಕನ್ನು ಮಾತ್ರ ಮತ್ತೆ ಮತ್ತೆ ಹಾಕಿಸಿದರು. ನಾಲ್ಕನೆಯ ಸಲಕ್ಕೆ ಹಿಡಿಯನ್ನು ಬಾಯಿಂದ ತೆಗೆದರು.

"ಬೋಲ್ಟಲ್ಲ ಕಣಪ್ಪ. ಬೋಲ್ಟ್ ಸಡ್ಲ ಇದ್ರೆ ಪೆಟ್ಟಿಗೆ ನಡುಗೋ ಸದ್ದು ಬರತ್ತೆ. ಇಲ್ಲಿ ಅದಿಲ್ಲ. ಇದು ಪಿಕ್ಕರ್. ಸವ್ದೋಗಿದೆ ಅಂತ ಎರಡು ತಿಂಗ್ಳಿಂದ ನಿಮ್ಮ ಚಿಕ್ಕಪ್ಪಂಗೆ ಹೇಳ್ತಿದ್ದೆ."

ಪಿಕ್ಕರ್ ಅಂದರೆ ಲಾಳಿಯನ್ನು ಹೊಡೆದು ಓಡಿಸುವ ಅಂಗೈಯಗಲದ ಒಂದು ತುಂಡು; ಅದು ಸವೆದರೆ ಲಾಳಿ ದಾರಿ ತಪ್ಪಿ ಹಾರುತ್ತದೆ. ಬದಲಾಯಿಸಲು ಕಾಲು ಗಂಟೆ ಸಾಕು.

ಅವರ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಮುಖ ಹಗುರಾಗಿತ್ತು. "ಊರಿಗೆಲ್ಲ ಹೇಳು ಅನ್ನಲ್ಲ. ಆ ಹೆಣ್ಮಗಳಿಗೆ ಒಂದು ಮಾತು ಹೇಳ್ಬಿಡು. ನಾನ್ ಹೇಳಿದ್ರೆ ಅವ್ಳು ನಂಬಲ್ಲ. ನೀನ್ ಹೇಳಿದ್ರೆ ನಂಬ್ತಾಳೆ" ಅಂದರು.

"ಹೇಳ್ತೀನಿ" ಅಂದೆ.

ಹೇಳಲಿಲ್ಲ. ಚಿಕ್ಕಪ್ಪನ ಮಗಳ ಮದುವೆ ಮುಗಿಯಲಿ ಅಂದುಕೊಂಡೆ. ಆಮೇಲೆ ಹಬ್ಬ ಮುಗಿಯಲಿ ಅಂದುಕೊಂಡೆ. ಬಸ್ಸಿನಿಂದ ಬಾಶೆಟ್ಟಿಹಳ್ಳಿ ಗೇಟಿನಲ್ಲಿ ಅವರನ್ನು ಕಂಡಾಗ ಮುಖ ತಿರುಗಿಸಿದೆ. ನಾಲ್ಕು ತಿಂಗಳು ಹೀಗೇ ಕಳೆದೆ. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಮೊಪೆಡ್ಡಿನ ಪಕ್ಕದಲ್ಲೇ ಕುಸಿದುಬಿದ್ದರು. ಎದೆ ನೋವು ಅಂದರಂತೆ. ಆಸ್ಪತ್ರೆ ತಲುಪಲಿಲ್ಲ.

ಚಿಕ್ಕಪ್ಪ ದೊಡ್ಡ ಹಾರ ತಂದಿದ್ದ. ಹಾರ ಹಾಕಿ, ಕಣ್ಣೊರೆಸಿಕೊಂಡು, ಪಕ್ಕದವರಿಗೆ ಹೇಳಿದ: "ಒಳ್ಳೆ ಮನುಷ್ಯ. ಒಂದೇ ಒಂದು ತಪ್ಪು ಮಾಡ್ಬಿಟ್ಟ, ಪಾಪ."

ಅಷ್ಟು ದಿನ ಬಾರದ ಮಾತು ಆಗ ಬಂತು. "ತಪ್ಪು ಅವರದಲ್ಲ ಚಿಕ್ಕಪ್ಪ. ಪಿಕ್ಕರ್ ಬದಲಾಯ್ಸದೆ ಬಿಟ್ಟೋರು ನೀವು. ಅವ್ರು ತೆಗ್ದಿದ್ದ ಬೆಲ್ಟು ಮತ್ತೆ ಹಾಕ್ದೋನು ನಾನು" ಅಂದೆ. ಎಲ್ಲರಿಗೂ ಕೇಳಿಸಿತು. ಚಿಕ್ಕಪ್ಪ ತಗ್ಗಿದ ದನಿಯಲ್ಲಿ, "ಹೆಣದ ಮುಂದೆ ಇದೆಲ್ಲ ಬೇಡ" ಅಂದ. ಅಲ್ಲಿ ಹೇಳಿದ್ದರಿಂದ ಸತ್ತವರಿಗೇನು ಬಂತು? ನನಗೇ ಸ್ವಲ್ಪ ಉಸಿರು ಸಿಕ್ಕಿತು, ಅಷ್ಟೆ.

ಅಲ್ಲಿಂದ ಸೀದಾ ಅಕ್ಕನ ಮನೆಗೆ ಹೋದೆ. ಅವರು ಈಗ ಮನೆಯಲ್ಲೇ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತಾರೆ. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಬೆಲ್ಟು, ಅರ್ಧ ಗಂಟೆ, ಕಾರು, ಫೋಟೊ. ಆಲ್ಬಮ್ಮಿನಲ್ಲಿ ಆ ಸದ್ದಿದೆ, ಬೇಕಾದರೆ ಕೇಳಿಸುತ್ತೇನೆ ಅಂತ ಫೋನ್ ತೆಗೆದೆ.

"ಆ ಸದ್ದು ನಂಗೆ ನೀನ್ ಕೇಳಿಸ್ತೀಯಾ?" ಅಂದರು. ಫೋನನ್ನು ಜೇಬಿಗೆ ಹಾಕಿಕೊಂಡೆ.

ಅವರು ಎದ್ದು ಬಾಗಿಲ ಹತ್ತಿರ ಬಂದರು. ಆಮೇಲೆ ಹೇಳಿದರು: "ಅವ್ರು ಮೂರು ಸಲ ಬಂದಿದ್ರು ಇಲ್ಲಿಗೆ. ಎರಡು ಸಲ ನಾನು ಹೊರಗೇ ಬರ್ಲಿಲ್ಲ. ಮೂರನೇ ಸಲ, ಬೆಲ್ಟು ತೆಗ್ದಿದ್ದೆ ಕಣಮ್ಮ, ದೇವ್ರಾಣೆ ಅಂದ್ರು. ಹಂಗಾದ್ರೆ ಮತ್ತೆ ಹಾಕ್ದೋರು ಯಾರು ಅಂತ ಅವರ ಮುಖದ ಮುಂದೆ ಕೂಗಿ ಕೇಳ್ದೆ. ಅವ್ರಿಗೆ ಕೇಳಿಸ್ತು. ಹೇಳ್ಲಿಲ್ಲ. ಹೇಳ್ಲಿಲ್ವಲ್ಲ, ಸುಳ್ಳು ಹೇಳ್ತಾವ್ರೆ ಅಂದ್ಕೊಂಡು ಬಾಗ್ಲು ಹಾಕ್ಬಿಟ್ಟೆ. ಅವ್ರ ಮುಖದ ಮೇಲೆ ಹಾಕ್ದೆ."

ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಹೋಗಪ್ಪ" ಅಂದು ಬಾಗಿಲು ಹಾಕಿದರು. ಈ ಸಲ ಹಾಕಬೇಕಾದವನ ಮುಖಕ್ಕೇ ಹಾಕಿದರು.