ಅವಳ ಟಿ-ಶರ್ಟ್ ಮೇಲೆ ‘ಅಡಗಿ ಡ್ಯೂಟಿ’

“ಅದನ್ನ ಅಂಗಿಗೆ ಅಂಟಸಬ್ಯಾಡ್ರಿ ಅಕ್ಕಾರ” ಎನ್ನುತ್ತ ಗಿರಾಕಿಯ ಹೆಂಡತಿ ನನ್ನ ಕೈಯಲ್ಲಿದ್ದ ಚಿಮುಟ ಕಸಿದುಕೊಂಡಳು.

ಕಣಕುಂಬಿಗೆ ರಜೆ ಕಳೆಯಲು ಹೊರಟ ಖಾನಾಪುರದ ಆ ದಂಪತಿ, ಮನೆಮಂದಿಗೆಲ್ಲ ಟಿ-ಶರ್ಟ್ ಮಾಡಿಸಲು ವಡಗಾವಿಯ ನನ್ನ ಅಂಗಡಿಗೆ ಬಂದಿದ್ದರು. ಗಂಡ ತನ್ನದಕ್ಕೆ ‘ಬಾಸ್’ ಎಂದು, ತಮ್ಮನದಕ್ಕೆ ‘ಹೀರೋ’ ಎಂದು ಬರೆಸಿದ. ಹೆಂಡತಿಯದಕ್ಕೆ? ‘ಅಡಗಿ ಡ್ಯೂಟಿ’! ಅಲ್ಲಿಯೂ ಅಡುಗೆ ಅವಳದೇ ಎಂದು ಅವಳೆದುರೇ ಹೇಳಿ, ಅವಳೆದುರೇ ನಕ್ಕ. ಮಷೀನು ಕತ್ತರಿಸಿದ ವಿನೈಲ್ ಅಂಟುಹಾಳೆಯಿಂದ ಅಕ್ಷರಗಳ ಸುತ್ತಲಿನ ಬೇಡದ ಚೂರುಗಳನ್ನು ಚಿಮುಟದಲ್ಲಿ ಕೀಳುತ್ತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಂಗಿಯ ಮೇಲಿಟ್ಟು ಬಿಸಿ ಪ್ರೆಸ್ ಒತ್ತಿದರೆ ಮುಗಿಯಿತು, ಆ ಮಾತು ಅವಳ ಎದೆಯ ಮೇಲೇ ಕೂರುತ್ತದೆ.

ಅವಳು ಚಿಮುಟದಿಂದ ಅಕ್ಷರಗಳನ್ನೇ ಒಂದೊಂದಾಗಿ ಕಿತ್ತೆಸೆದಳು. ಚಾಷ್ಟಿಗೆ, ಬರೀ ತಮಾಷೆಗೆ ಹೇಳಿದ್ದೆಂದು ಗಂಡ ತೊದಲಿದ. ಅವಳು ಅವನತ್ತ ತಿರುಗಲೂ ಇಲ್ಲ.

“ನನ್ನ ಅಂಗಿ ಖಾಲಿ ಇರ್ಲಿ ಬಿಡ್ರಿ. ನಾನೂ ಸೂಟಿಗೇ ಹೊಂಟೀನಿ, ಅಡಗಿ ಮಾಡಾಕಲ್ಲ.”

ಆ ಅಕ್ಷರಗಳಲ್ಲಿ ಒಂದೆರಡು ಇನ್ನೂ ನನ್ನ ಮೇಜಿಗೆ ಅಂಟಿಕೊಂಡಿವೆ. ಈಗ ಆರ್ಡರ್ ಯಾರೇ ಕೊಡಲಿ, ಏನು ಬರೆಯಲಿ ಎಂದು ಅಂಗಿ ತೊಡುವವರನ್ನೇ ಕೇಳುತ್ತೇನೆ. ಎಷ್ಟೋ ಹೆಂಗಸರು ಮೊದಲು ಗಂಡನ ಮುಖ ನೋಡುತ್ತಾರೆ. ನಾನು ಕಾಯುತ್ತೇನೆ.