ಒಳಗೆ ಬಿಟ್ಟ ಬಟ್ಟೆ

ನಿಮ್ಮ ಶಾಲೆಯ ಯೂನಿಫಾರಂ ತಿರುಗಿಸಿ ನೋಡಿದ್ದೀರಾ ಮಕ್ಕಳೇ? ಬದಿಯ ಹೊಲಿಗೆಯ ಒಳಗೆ ಒಂದು ಬೆರಳಿನಷ್ಟು ಬಟ್ಟೆ ಸುಮ್ಮನೆ ಮಲಗಿದೆ. ಲಂಗದ ಕೆಳಗೆ ಅಂಗೈ ಅಗಲದ ಮಡಿಕೆ ಇದೆ. ಅಂಗಡಿಯಿಂದ ತಂದ ಬಟ್ಟೆಯಲ್ಲಿ ಇದೆಲ್ಲ ಇರುವುದಿಲ್ಲ, ಅಜ್ಜಿ ಹೊಲಿದರೆ ಮಾತ್ರ ಯಾಕೆ ಎಂದು ಹೋದ ವಾರ ಕೇಳಿದಿರಿ. ಅಡುಗೆಯ ಗಡಿಬಿಡಿಯಲ್ಲಿ ಏನೋ ಹೇಳಿ ತಪ್ಪಿಸಿಕೊಂಡೆ. ನನಗೆ ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ಸುಲಭ. ಈ ಒಂದು ಬೆರಳು ಬಟ್ಟೆಯಿಂದ ನನ್ನ ಕೆಲಸವೇ ಕೈ ತಪ್ಪುವುದರಲ್ಲಿತ್ತು.

ನಿಮ್ಮ ಅಜ್ಜ ತೀರಿಕೊಂಡಾಗ ನಾವು ಇದೇ ರಿಪ್ಪನ್‌ಪೇಟೆಯ ಬಾಡಿಗೆ ಮನೆಯಲ್ಲಿದ್ದೆವು. ನಿಮ್ಮ ಅಮ್ಮ ಬಸ್ಸಿನಲ್ಲಿ ಸಾಗರದ ಕಾಲೇಜಿಗೆ ಹೋಗಿ ಬರುತ್ತಿದ್ದಳು. ನಾನು ಜಗಲಿಯಲ್ಲಿ ಕಾಲು ಮಿಷನ್ ಇಟ್ಟುಕೊಂಡು ಬ್ಲೌಸು, ಲಂಗ ಹೊಲಿಯುತ್ತಿದ್ದೆ. ಅದೊಂದರಿಂದ ಮನೆ ನಡೆಯುವಂತಿರಲಿಲ್ಲ. ತೀರ್ಥಹಳ್ಳಿಯಿಂದ ನನ್ನ ಅಣ್ಣ ಬಂದ.

"ಮನೆ ಖಾಲಿ ಮಾಡಿ ಇಬ್ರೂ ನಮ್ಮನೆಗೆ ಬಂದ್ಬಿಡಿ. ಹುಡುಗಿ ಓದಿದ್ದು ಸಾಕು, ಗಂಡು ನೋಡಣ" ಎಂದ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಬಾಗಿಲ ಹಿಂದೆ ನಿಂತಿದ್ದ ನಿಮ್ಮ ಅಮ್ಮನ ಮುಖ ನನಗೆ ಕಾಣುತ್ತಿತ್ತು. "ದೀಪಾವಳಿ ಕಳೀಲಿ ಅಣ್ಣ" ಎಂದಷ್ಟೇ ಹೇಳಿದೆ.

ಅದೇ ಸಮಯಕ್ಕೆ ಹೊಸನಗರದಲ್ಲಿ ಹೊಲಿಗೆಯ ತರಬೇತಿ ಶುರುವಾಯಿತು. ಕಟ್ಟಡ, ಮಧ್ಯಾಹ್ನದ ಊಟ ಸರ್ಕಾರದ್ದು. ಮಿಷನ್ನುಗಳೂ ಕಲಿಸುವವರೂ ಒಂದು ಗಾರ್ಮೆಂಟ್ಸ್ ಕಂಪನಿಯವರು. ಕೊನೆಯ ಪರೀಕ್ಷೆಯಲ್ಲಿ ಪಾಸಾದವರನ್ನು ಕಂಪನಿಯವರು ಸಾಗರದ ಹತ್ತಿರ ತೆರೆಯುತ್ತಿದ್ದ ಹೊಸ ಘಟಕಕ್ಕೆ ತೆಗೆದುಕೊಳ್ಳಬೇಕು ಎಂದು ಇಬ್ಬರ ನಡುವೆ ಒಪ್ಪಂದ. ಹೆಸರು ಬರೆಸುವಾಗ "ಏಳನೇ ಕ್ಲಾಸು" ಎನ್ನಲು ನನಗೆ ದನಿಯೇ ಹೊರಡಲಿಲ್ಲ, ನಿಮ್ಮ ಅಮ್ಮ ಹೇಳಿದಳು. ಆದರೆ ಹೊಲಿಗೆಯ ವಿಷಯದಲ್ಲಿ ನನಗೆ ಅಳುಕಿರಲಿಲ್ಲ. ಜನರ ಎದುರು ನಾಲಿಗೆ ತಡವರಿಸಿದರೂ ಬಟ್ಟೆಯ ಎದುರು ನನ್ನ ಕೈ ಎಂದೂ ತಡವರಿಸಿದ್ದಿಲ್ಲ.

ಕಲಿಸುತ್ತಿದ್ದವಳು ಭದ್ರಾವತಿ ಕಡೆಯ ಹುಡುಗಿ, ನಿಮ್ಮ ಅಮ್ಮನಿಗಿಂತ ಸ್ವಲ್ಪ ದೊಡ್ಡವಳು. ನಾವೆಲ್ಲ ಅವಳನ್ನು ಮಿಸ್ ಎನ್ನುತ್ತಿದ್ದೆವು, ಅವಳು ನನ್ನನ್ನು ಆಂಟಿ ಎನ್ನುತ್ತಿದ್ದಳು. ಕರೆಂಟ್ ಮಿಷನ್ನಿಗೆ ಪೆಡಲನ್ನು ಸುಮ್ಮನೆ ಒತ್ತಿ ಹಿಡಿದರೆ ಸಾಕು. ನನಗೋ ಕಾಲು ಮಿಷನ್ ತುಳಿದ ಅಭ್ಯಾಸ. ಹಿಮ್ಮಡಿ ಒಂದು ಸಲ, ಬೆರಳು ಒಂದು ಸಲ ಒತ್ತುತ್ತಿದ್ದೆ. ಮಿಷನ್ನು ಬಿಕ್ಕಳಿಕೆ ಬಂದವರ ಹಾಗೆ ಓಡುವುದು, ನಿಲ್ಲುವುದು ಮಾಡುತ್ತಿತ್ತು.

"ಆಂಟಿ, ತೊಟ್ಲು ತೂಗ್ಬೇಡಿ, ಮಗು ಎದ್ದಾಯ್ತು!" ಎಂದು ಮಿಸ್ ಕೂಗಿದಳು.

ಪಕ್ಕದ ಮಿಷನ್ನಿನಲ್ಲಿ ಹುಲಿಕಲ್ಲಿನಿಂದ ಬರುತ್ತಿದ್ದ ಹೆಂಗಸು ಕೂರುತ್ತಿದ್ದಳು. ಅವಳ ಬಾಯಿಗೆ ಬಿಡುವೇ ಇರಲಿಲ್ಲ. "ಮಗು ಎದ್ದು, ದೊಡ್ಡದಾಗಿ, ಮದ್ವೆನೂ ಆಯ್ತು ಮಿಸ್. ಇವ್ರ ಕಾಲು ಮಾತ್ರ ನಿಂತಿಲ್ಲ" ಎಂದಳು.

ಕಾಲು ಬೇಗ ಸರಿಹೋಯಿತು. ಕೈಯಲ್ಲೂ ಒಂದು ಅಭ್ಯಾಸ ಕೂತಿತ್ತು, ಅದು ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ಗಾರ್ಮೆಂಟ್ಸಿನಲ್ಲಿ ಒಂದು ಶರ್ಟನ್ನು ಒಬ್ಬರೇ ಹೊಲಿಯುವುದಿಲ್ಲ. ಕತ್ತರಿಸಿದ ತುಂಡುಗಳ ಬಂಡಲ್ ಕೈಯಿಂದ ಕೈಗೆ ಬರುತ್ತದೆ. ಒಬ್ಬರು ಕಾಲರ್, ಒಬ್ಬರು ತೋಳು. ನನ್ನದು ಬದಿಯ ಹೊಲಿಗೆ, ಹುಲಿಕಲ್ಲಿನವಳದ್ದು ಕೆಳಗಿನ ಮಡಿಕೆ. ತುಂಡುಗಳನ್ನು ಮೊದಲೇ ಅಳತೆಗೆ ಕತ್ತರಿಸಿರುತ್ತಾರೆ. ಹಾಗಾಗಿ ಅಂಚಿಗೆ ತೀರಾ ಹತ್ತಿರದಲ್ಲೇ ಹೊಲಿಗೆ ಓಡಬೇಕು. ಪರೀಕ್ಷೆ ಹತ್ತಿರವಾದಾಗ ನಾವು ಮೊದಲ ಸಲ ಇಡೀ ಬಂಡಲ್ ಮುಗಿಸಿದೆವು. ಮಿಸ್ ಒಂದೊಂದೇ ಶರ್ಟಿನ ಮೇಲೆ ಟೇಪು ಇಟ್ಟು ನೋಡಿದಳು. ಒಂದೂ ಅಳತೆಗೆ ಕೂರಲಿಲ್ಲ, ಎಲ್ಲವೂ ಎದೆಯ ಹತ್ತಿರ ಚಿಕ್ಕದು.

"ಎಂತ ಮಾರಾಯ್ತಿ, ಉಪವಾಸ ಇರೋರಿಗೆ ಹೊಲಿದ್ವಾ ನಾವು?" ಎಂದಳು ಹುಲಿಕಲ್ಲಿನವಳು.

ಮಿಸ್ ಶರ್ಟನ್ನು ಒಳಹೊರಗು ಮಾಡಿದಳು. ಎರಡೂ ಬದಿಯಲ್ಲಿ ಒಂದೊಂದು ಬೆರಳು ಬಟ್ಟೆ ಒಳಗೆ ಉಳಿದಿತ್ತು.

"ಆಂಟಿ, ಇಷ್ಟ್ಯಾಕೆ ಒಳಗೆ ಬಿಟ್ರಿ?"

"ನಾಳೆ ಮೈ ತುಂಬಿದ್ರೆ ಬಿಚ್ಚೋಕೆ ಬೇಕಲ್ಲ ಮಿಸ್."

ಇಡೀ ಕೋಣೆ ನಕ್ಕಿತು. ಮಿಸ್ಸೂ ನಕ್ಕಳು. ಆಮೇಲೆ ನನ್ನ ಪಕ್ಕ ಕೂತು, "ಈ ಶರ್ಟು ಹಡಗು ಹತ್ತಿ ಎಲ್ಲಿಗೋ ಹೋಗುತ್ತೆ ಆಂಟಿ. ಹಾಕ್ಕೊಳೋರು ದಪ್ಪ ಆದ್ರೆ ಹೊಸದು ತಗೋತಾರೆ, ಬಿಚ್ಚೋರು ಯಾರೂ ಇಲ್ಲ. ಪರೀಕ್ಷೆಲೂ ನಿಮ್ಗೆ ಬದಿ ಹೊಲಿಗೆನೇ ಬರೋದು. ಅಳತೆ ತಪ್ಪಿದ್ರೆ ಕಂಪ್ನಿಯೋರು ತಗೊಳ್ಳಲ್ಲ. ಆಗ ನನ್ ಕೈಲಿ ಏನೂ ಇರಲ್ಲ" ಎಂದಳು.

ಬಸ್ಸಿನಲ್ಲಿ ಅದೇ ಯೋಚನೆ. ನಮ್ಮಲ್ಲಿ ಬಟ್ಟೆ ಬಿಡದೆ ಹೊಲಿದವರನ್ನು ಯಾರೂ ಟೈಲರ್ ಎನ್ನುತ್ತಿರಲಿಲ್ಲ. ಮದುವೆಗೆ ಹೊಲಿದ ಬ್ಲೌಸನ್ನು ಬಾಣಂತನ ಮುಗಿದ ಮೇಲೆ ಬಿಚ್ಚಿ ಹಾಕಿಕೊಳ್ಳಬೇಕು, ಅಕ್ಕನ ಲಂಗ ತಂಗಿಗೆ ಬರಬೇಕು. ಬಿಡಬಾರದು ಎನ್ನುವ ಮಾತನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಭಾನುವಾರ ಹಳೆಯ ಬಟ್ಟೆಯ ತುಂಡುಗಳನ್ನು ಹಾಕಿಕೊಂಡು ಜಗಲಿಯಲ್ಲಿ ಕೂತೆ. ನನ್ನ ಕೈಯನ್ನೇ ಬೇರೆಯವರ ಕೈ ಎಂಬಂತೆ ನೋಡುತ್ತಾ ಹೊಲಿದೆ. ಆಗ ಗೊತ್ತಾಯಿತು. ಎಡಗೈಯ ತೋರುಬೆರಳು ತಾನಾಗಿ ಬಂದು ಬಟ್ಟೆಯ ಅಂಚಿಗೂ ಸೂಜಿಗೂ ನಡುವೆ ಮಲಗುತ್ತಿತ್ತು. ಹೊಲಿಗೆ ಕಲಿಸುವಾಗ ನನ್ನ ಅತ್ತೆ ಟೇಪಿನ ಬದಲು ಹಾಗೆ ಬೆರಳಿಟ್ಟೇ ತೋರಿಸಿದ್ದರು. ಆ ಬೆರಳನ್ನು ಮಡಚಿ, ಬಟ್ಟೆಯ ಪಟ್ಟಿಯಿಂದ ಅಂಗೈಗೆ ಸೇರಿಸಿ ಕಟ್ಟಿದೆ. ನಿಮ್ಮ ಅಮ್ಮ ಸ್ಕೇಲು ಹಿಡಿದು ಎದುರಿಗೆ ಕೂತಳು.

"ಜಾಸ್ತಿ... ಇನ್ನೂ ಜಾಸ್ತಿ... ಇದು ಸೊಟ್ಟ. ಅಮ್ಮಾ, ಈಗ ಸರಿ!"

ಸ್ವಲ್ಪ ಹೊತ್ತಾದ ಮೇಲೆ ಮೆತ್ತಗೆ ಕೇಳಿದಳು, "ನಾವು ತೀರ್ಥಹಳ್ಳಿಗೆ ಹೋಗಲ್ಲ ಅಲ್ದಾ?"

"ನೀನು ಅಳತೆ ನೋಡು" ಎಂದೆ.

ಪರೀಕ್ಷೆಯ ದಿನ ಕಂಪನಿಯವರೊಬ್ಬರು ಬಂದರು. ಮಿಷನ್ನುಗಳ ನಡುವೆ ನಡೆಯುತ್ತಾ ನನ್ನ ಹಿಂದೆ ನಿಂತರು. ಅಂದೂ ನಾನು ಬೆರಳು ಕಟ್ಟಿಕೊಂಡೇ ಕೂತಿದ್ದೆ.

"ಬೆರಳಿಗೆ ಏನಾಯ್ತಮ್ಮ, ಗಾಯನಾ?"

ಹುಲಿಕಲ್ಲಿನವಳು ನನ್ನ ಪರವಾಗಿ ಹೇಳಲು ಬಾಯಿ ತೆರೆಯುವುದು ಕಂಡಿತು. ಅವಳು ಹೇಳಿದರೆ ಅದು ತಮಾಷೆಯಾಗಿಬಿಡುತ್ತದೆ ಎಂದು ನಾನೇ ಬೇಗ ಹೇಳಿದೆ. "ಗಾಯ ಅಲ್ಲ ಸಾರ್. ಈ ಬೆರಳು ಮನೆ ಅಳತೆ ಇಡುತ್ತೆ. ಅದಕ್ಕೆ ಕಟ್ಟಿದೀನಿ."

ಅವರಿಗೆ ಎಷ್ಟು ಅರ್ಥವಾಯಿತೋ. "ಕೆಲಸಕ್ಕೆ ಬಂದ್ಮೇಲೆ ಹೀಗೆ ಕಟ್ಕೊಂಡು ಕೂರೋಕಾಗಲ್ಲ. ಬಿಚ್ಚಿ ಹೊಲೀರಿ, ನೋಡಣ" ಎಂದರು.

ಪಟ್ಟಿ ಬಿಚ್ಚಿದೆ. ಬೆರಳು ಮರಗಟ್ಟಿತ್ತು. ಹೊಸ ತುಂಡುಗಳನ್ನು ಜೋಡಿಸಿ ಪೆಡಲ್ ಒತ್ತಿದೆ. ಅರ್ಧ ದಾರಿಯಲ್ಲಿ ಬೆರಳು ಮೆಲ್ಲಗೆ ತನ್ನ ಹಳೆಯ ಜಾಗಕ್ಕೆ ಹೊರಟಿತು. ನಾನು ಮಿಷನ್ ನಿಲ್ಲಿಸಲಿಲ್ಲ. ಅದನ್ನು ಎತ್ತಿ ಬಟ್ಟೆಯ ಮೇಲೆ ಇಟ್ಟುಕೊಂಡು ಕಂಕುಳಿನವರೆಗೆ ಒಂದೇ ಓಟದಲ್ಲಿ ಹೊಲಿದು ಮುಗಿಸಿದೆ. ಅವರು ಟೇಪು ಇಟ್ಟರು, ತಿರುಗಿಸಿ ಇನ್ನೊಂದು ಬದಿಗೂ ಇಟ್ಟರು. "ಸರಿ ಇದೆ" ಎಂದು ಮುಂದಿನ ಮಿಷನ್ನಿಗೆ ಹೋದರು. ಅಷ್ಟೇ.

"ಮಾತಾಡೋಕೂ ಬರುತ್ತಲ್ಲೇ ನಿಂಗೆ!" ಎಂದಳು ಹುಲಿಕಲ್ಲಿನವಳು. ಅವಳೂ ಪಾಸಾಗಿದ್ದಳು.

ಆಮೇಲೆ ಬೆಳಿಗ್ಗೆಯ ಬಸ್ಸಿನಲ್ಲಿ ನಾನೂ ನಿಮ್ಮ ಅಮ್ಮನೂ ಸಾಗರಕ್ಕೆ ಹೋಗುತ್ತಿದ್ದೆವು, ನಾನು ಕೆಲಸಕ್ಕೆ, ಅವಳು ಕಾಲೇಜಿಗೆ. ದೀಪಾವಳಿಗೆ ಅಣ್ಣ ಬಂದ. ಮನೆಯ ವಿಷಯ ಎತ್ತುತ್ತಾನೆ ಎಂದು ಕಾದೆ. ಅವನು ಚೀಲದಿಂದ ಒಂದು ರೆಡಿಮೇಡ್ ಶರ್ಟು ತೆಗೆದ.

"ಹೊಟ್ಟೆ ಹತ್ರ ಬಿಗಿ. ಸ್ವಲ್ಪ ಬಿಚ್ಚಿ ದೊಡ್ಡ ಮಾಡು."

ತಿರುಗಿಸಿ ನೋಡಿದೆ, ನಗು ತಡೆಯಲಾಗಲಿಲ್ಲ. "ಬಿಚ್ಚೋಕೆ ಇದ್ರಲ್ಲಿ ಎಂತ ಇದೆ ಅಣ್ಣ? ಬಟ್ಟೆನೇ ಬಿಟ್ಟಿಲ್ಲ."

"ಯಾರೇ ಹೀಗೆ ಹೊಲಿದಿದ್ದು?"

"ನನ್ನಂಥೋರು" ಎಂದೆ. "ಬಟ್ಟೆ ತಂದ್ಕೊಡು, ನಾನೇ ಹೊಲಿತೀನಿ."

ಹೊರಡುವ ಮುಂಚೆ ಜಗಲಿಯಲ್ಲಿ ಕೈ ಅಗಲಿಸಿ ನಿಂತು ಅಳತೆ ಕೊಟ್ಟ. ಮನೆ ಖಾಲಿ ಮಾಡುವ ಮಾತು ಅವನ ಬಾಯಿಂದ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅವನ ಶರ್ಟಿಗೆ ಬದಿಯಲ್ಲಿ ಒಂದು ಬೆರಳು ಬಿಟ್ಟೇ ಹೊಲಿದೆ.

ಈ ಜೂನಿಗೆ ನಿಮ್ಮ ಲಂಗದ ಮಡಿಕೆ ಬಿಚ್ಚುತ್ತೇನೆ. ಒಳಗಿದ್ದ ಬಟ್ಟೆಯ ಬಣ್ಣ ಹೊಸದಾಗಿರುವುದರಿಂದ ಗೆರೆ ಕಾಣಿಸುತ್ತದೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ ನಾಚಿಕೊಳ್ಳಬೇಡಿ, ನಾವು ಇಷ್ಟು ಉದ್ದ ಆಗಿದ್ದೇವೆ ಎಂದು ಆ ಗೆರೆಯನ್ನೇ ತೋರಿಸಿ.