ಅತ್ತಿಗೆಯ ಕೈಯಳತೆಯ ಕೀಲಿಕೈ

ನಮ್ಮ ಹಳೆಯ ಕಾರಿನ ಕೀಲಿಕೈ ಕಳೆದಿದೆಯೆಂದು ತಿಳಿದದ್ದು ನಾಲ್ಕು ವರ್ಷಗಳ ಹಿಂದಿನ ಒಂದು ಭಾನುವಾರ ಮಧ್ಯಾಹ್ನ. ಮರುದಿನ ಬೆಳಗ್ಗೆ ಎಂಟಕ್ಕೆ ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ರಕ್ತ ಶುದ್ಧಿಯ (ಡಯಾಲಿಸಿಸ್) ಸರದಿ, ತಪ್ಪಿಸುವಂತಿರಲಿಲ್ಲ. ಮಂಡಿ ಮಡಚಲಾರದ ಅವಳು ಹತ್ತಿ ಕೂರುವಂತೆ ಸೀಟನ್ನು ಹಿಂದಕ್ಕೆ ಸರಿಸಿ ಕೂರಿಸಿದ್ದ ವಾಹನ ಅದೊಂದೇ. ಎರಡು ಕೀಲಿಕೈಗಳಲ್ಲಿ ಒಂದನ್ನು ಬೇರೆಯಾಗಿ ಇಡಿ ಎಂದು ಕಾರ್ಯಾಗಾರದ ಉಗ್ರಾಣದಲ್ಲಿ ಕೂತು ಮೂವತ್ತು ವರ್ಷ ಎಲ್ಲರಿಗೂ ಬುದ್ಧಿ ಹೇಳಿದ್ದ ನಾನು, ಮನೆಯ ಕಾರಿನ ಎರಡೂ ಕೀಲಿಕೈಗಳನ್ನು ಒಂದೇ ಬಳೆಗೆ ಸಿಕ್ಕಿಸಿದ್ದೆ. ಕಾರು ತಯಾರಿಸಿದ ಕಂಪನಿಯೂ ಮುಚ್ಚಿಹೋಗಿತ್ತು.

ಅಂದು ನನಗೆ ನೆನಪಾದವರು, ಅದೇ ಕಾರ್ಯಾಗಾರದಲ್ಲಿ ವಾಹನಗಳ ಬೀಗದ ಕೆಲಸದಲ್ಲಿ ಮೂವತ್ತೆಂಟು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲ ಬೀಗದಣ್ಣ ಎಂದು ಕರೆಯುವ ಮಹನೀಯರು. ಸೇರಿದ ಮೊದಲ ವಾರವೇ, ಸವೆದ ಕೀಲಿಕೈಯ ನಕಲು ಮಾಡಿದರೆ ಸವೆತದ್ದೇ ನಕಲಾಗುತ್ತದೆಂದು ಮೇಲಧಿಕಾರಿಗೆ ಎದುರಾಡಿದವರು. ಬೀಗವನ್ನೇ ಬಿಚ್ಚಿ, ಅದರೊಳಗಿನ ತಗಡುಗಳನ್ನು ಅಳೆದು, ಹೊಸ ಕೀಲಿಕೈಯನ್ನೇ ಅರದಿಂದ ಉಜ್ಜಿ ಮಾಡುವುದು ಅವರ ಪದ್ಧತಿ.

ಊಟ ಅರ್ಧಕ್ಕೆ ಬಿಟ್ಟು ಬಂದ ಅವರು ತಂತಿಯಿಂದ ಬಾಗಿಲು ತೆರೆದು, ಬೀಗ ಬಿಚ್ಚಿ ಅಳೆದು, ಸಂಜೆ ನಾಲ್ಕಕ್ಕೆ ಕೀಲಿಕೈ ಸಿದ್ಧಪಡಿಸಿದರು. ಅದು ತಿರುಗಲಿಲ್ಲ. ಅವರ ಮುಖ ಸಣ್ಣದಾಯಿತು. ನನ್ನನ್ನು ಅಣ್ಣ, ನನ್ನ ಹೆಂಡತಿಯನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ ಅವರು ಕೀಲಿಕೈಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು:

“ಅಣ್ಣಾ, ಈ ಕಾರು ಜಾಸ್ತಿ ಓಡಿಸಿದ್ದು ಯಾರು?”

“ನಿಮ್ಮತ್ತಿಗೆ. ಇಪ್ಪತ್ತು ವರ್ಷ. ಕಾಯಿಲೆ ಬಿದ್ದ ಮೇಲೆ ನಾನು.”

“ಹಂಗಾದ್ರೆ ಬೀಗ ಸವೆದಿರೋದು ಅವರ ಕೈಗೆ. ಅತ್ತಿಗೆ, ಹಳೇ ಕೀ ತಿರುಗಿಸ್ತಿದ್ದ ಹಾಗೇ ಇದನ್ನೂ ತಿರುಗಿಸಿ. ಜೋರು ಬೇಡ.”

“ಅದನ್ನ ನಿಮ್ಮಣ್ಣನಿಗೆ ಹೇಳು ಮೈದುನ. ಬಾಗಿಲು ಒದೆಯೋದೊಂದು ಬಿಟ್ಟು ಅವರಿಗೇನೂ ಬರಲ್ಲ.”

ನನ್ನ ತೋಳು ಹಿಡಿದು ನಿಂತ ಅವಳು ಕೀಲಿಕೈಯನ್ನು ಕೂದಲೆಳೆಯಷ್ಟು ಹೊರಗೆಳೆದು, ತುಸು ಮೇಲೆತ್ತಿ ತಿರುಗಿಸಿದಳು. ಬೀಗ ತಿರುಗಲಿಲ್ಲ, ಆದರೆ ಒಳಗಿನ ತಗಡು ತಗುಲಿದಲ್ಲಿ ಕೀಲಿಕೈಯ ಹಿತ್ತಾಳೆಯ ಮೇಲೆ ಸಣ್ಣ ಗೆರೆ ಮೂಡಿತು. ಅವರು ಆ ಗೆರೆಯಲ್ಲೇ ಅರ ಆಡಿಸಿ ಮತ್ತೆ ಅವಳ ಕೈಗೆ ಕೊಟ್ಟರು. ಏಳನೆಯ ಸಲ ಬೀಗ ತಿರುಗಿತು. ಅವಳು ನಕ್ಕಳು, ಆ ಕಾಯಿಲೆಯ ದಿನಗಳಲ್ಲಿ ಅವಳು ಹಾಗೆ ನಕ್ಕದ್ದು ಅಪರೂಪ. ಇನ್ನೊಂದನ್ನೂ ಮಾಡಿದ ಬೀಗದಣ್ಣ ಅದನ್ನು ಅವಳ ಅಂಗೈಯಲ್ಲಿಟ್ಟರು.

“ಇದು ನಿಮ್ಮ ಹತ್ರಾನೇ ಇರ್ಲಿ ಅತ್ತಿಗೆ. ಉಗ್ರಾಣದವರನ್ನ ನಂಬೋ ಹಾಗಿಲ್ಲ.”

ಮರುದಿನ ಎಂಟಕ್ಕೆ ಐದು ನಿಮಿಷ ಮೊದಲೇ ಆಸ್ಪತ್ರೆ ತಲುಪಿದೆವು. ಆಮೇಲೆ ಮೂರು ವರ್ಷ, ವಾರಕ್ಕೆ ಮೂರು ದಿನ, ಒಂದು ಸರದಿಯೂ ತಪ್ಪದಂತೆ ಅವಳನ್ನು ಕರೆದೊಯ್ದೆ. ದಾರಿಯುದ್ದಕ್ಕೂ ನನ್ನ ಓಡಿಸುವಿಕೆಯಲ್ಲಿ ತಪ್ಪು ಹುಡುಕುತ್ತ ಅವಳು ಖುಷಿಯಾಗಿದ್ದಳು. ಕಳೆದ ವರ್ಷ ದೇವರು ಅವಳನ್ನು ಕರೆದುಕೊಂಡ. ಆ ಮೂರು ವರ್ಷಗಳ ಮಾತುಗಳೇ ಇಂದು ನನ್ನ ಆಸ್ತಿ.

ಬೀಗದಣ್ಣನವರಿಗೆ ಕಣ್ಣು ಮಬ್ಬಾಗದೆ, ಕೈ ನಡುಗದೆ, ಇನ್ನೂ ಬಹುಕಾಲ ಅರ ಹಿಡಿಯುವ ಆಯುಸ್ಸನ್ನು ಭಗವಂತ ಕೊಡಲಿ. ಅವರ ಬೀಳ್ಕೊಡುಗೆಗೆಂದು ಬರೆದ ಈ ಪುಟಗಳನ್ನು ಓದಲು ಇಲ್ಲದ ಅವರ ಅತ್ತಿಗೆಗೆ ತನ್ನ ಸನ್ನಿಧಿಯಲ್ಲಿ ನೋವಿಲ್ಲದ ನೆಲೆಯನ್ನೂ ಶಾಂತಿಯನ್ನೂ ದಯಪಾಲಿಸಲಿ.